ಉಪ್ಪಿನ ಜ್ವಾಲೆಯ ನೆರಳು

ದೀಪವನ್ನು ಮೂರು ಸಲ ಹಾಕಿ ಮೂರು ಸಲ ಆರಿಸಿ ನೋಡಿದ ಮೇಲೆ ಅದು ಕೆಟ್ಟಿದೆ ಎಂದು ಕೊಟ್ರಬಸಮ್ಮ ತೀರ್ಮಾನಿಸಿದಳು. ಸೋಡಿಯಂ ದೀಪ ಹಳದಿಯಾಗಿ ಉರಿಯಬೇಕು. ಇದು ಕೆಂಪಗೆ ಉರಿಯುತ್ತಿತ್ತು. ಅಂಗಡಿಯವರು ಬೇರೆ ಯಾವುದೋ ದೀಪ ಕಳಿಸಿದ್ದಾರೆಂದುಕೊಂಡು ಅದನ್ನು ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮತ್ತೆ ಮಲಗಿಸಿದಳು. ಮೇಲೆ ದಪ್ಪ ಅಕ್ಷರದಲ್ಲಿ ‘ವಾಪಸು’ ಎಂದು ಬರೆದು ಅಟೆಂಡರ್ ರಾಜಾಸಾಬನ ಕೈಯಲ್ಲಿ ಬಸ್ ಸ್ಟ್ಯಾಂಡಿಗೆ ಕಳಿಸಿದಳು.

ಕೊಟ್ಟೂರಿನ ಕಾಲೇಜಿಗೆ ಅವಳು ಫಿಸಿಕ್ಸ್ ಡೆಮಾನ್‌ಸ್ಟ್ರೇಟರ್ ಆಗಿ ಬಂದು ಇನ್ನೂ ವಾರ ತುಂಬಿರಲಿಲ್ಲ. ಅವಳು ಬಿ.ಎಸ್ಸಿ. ಓದಿದ ಬಳ್ಳಾರಿಯ ಕಾಲೇಜಿನಲ್ಲಿ ಇಂಥ ದೀಪ ಇರಲಿಲ್ಲ. ಬರ್ನರಿನ ಉರಿಗೆ ಉಪ್ಪು ಹಾಕಿ, ಅದು ಹಳದಿಯಾದಾಗ ಅದರಲ್ಲೇ ಪ್ರಯೋಗ ಮುಗಿಸುತ್ತಿದ್ದರು.

ಮಧ್ಯಾಹ್ನ ಆ ಪೆಟ್ಟಿಗೆಯನ್ನು ಹೆಗಲ ಮೇಲಿಟ್ಟುಕೊಂಡು ಲೆಕ್ಚರರ್ ಪಾಲಾಕ್ಷಪ್ಪ ಲ್ಯಾಬಿನೊಳಗೆ ಬಂದ. ಹರಪನಹಳ್ಳಿಯವನು. ರಜೆಯ ಮೇಲೆ ಹೋದವರೊಬ್ಬರ ಜಾಗದಲ್ಲಿ ತಾತ್ಕಾಲಿಕವಾಗಿ ಪಾಠ ಮಾಡುತ್ತಿದ್ದ. ಅವನ ತಲೆಯಲ್ಲಿ ಧೂಳಿತ್ತು, ಅಂಗಿಯಿಂದ ಕುರಿಯ ವಾಸನೆ ಬರುತ್ತಿತ್ತು. ಹಿಂದೆಯೇ ಬಂದ ರಾಜಾಸಾಬ ನಡೆದದ್ದನ್ನು ಸಂತೋಷದಿಂದ ವರದಿ ಮಾಡಿದ. ಬಸ್ಸು ಹೊರಟೇ ಬಿಟ್ಟಿತ್ತಂತೆ. ಪೆಟ್ಟಿಗೆಯ ಸುದ್ದಿ ಕೇಳಿ ಸರ್ ಓಡಿ ಹೋಗಿ ಅಡ್ಡ ನಿಂತರಂತೆ. ಕಂಡಕ್ಟರ್ ಬೈದನಂತೆ.

“ಟಾಪಿನ ಮ್ಯಾಲೆ ಪೂರಾ ಕುರಿ ಅಮ್ಮಾರ. ಸರ್ ಕುರಿ ನಡಕ ಕುಂತು ಪೆಟ್ಟಿಗಿ ಹುಡುಕಿದ್ರು. ಒಂದು ಕುರಿ ಇವರ ಕಿಸೆದಾಗಿನ ಬಸ್ ಟಿಕೇಟು ತಿಂತು.”

ಬೈಗುಳ ಬರಬಹುದೆಂದು ಅವಳು ಕಾದಳು. ಬಂದರೂ ಏನೂ ಅನ್ನಿಸುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಅವನು ಕೇಳಿದ್ದು ಒಂದೇ ಪ್ರಶ್ನೆ.

“ಎಷ್ಟೊತ್ತು ಹಚ್ಚಿದ್ರಿ?”

“ಕೆಂಪ ಬಂತು ಅಂತ ತಕ್ಷಣ ಆರಿಸಿದೆ.”

“ಮೂರು ಸಲಾನೂ?”

“ಮೂರು ಸಲಾನೂ.”

ಅವನು ನಕ್ಕ. ಗಟ್ಟಿಯಾಗಿ ಅಲ್ಲ. ದೀಪವನ್ನು ಅದರ ಗೂಡಿನಲ್ಲಿಟ್ಟು, ಕಿಟಕಿ ಮುಚ್ಚಿ, ಸ್ವಿಚ್ ಹಾಕಿದ. “ಇದು ಮೊದಲು ಬ್ಯಾರೆ ಮಾತಾಡ್ತೈತೆ, ಆಮೇಲೆ ತನ್ನ ಮಾತಾಡ್ತೈತೆ. ಕೂಡ್ರಿ. ಸುಮ್ನೆ ಕೂಡ್ರಿ.”

ಗಾಜಿನೊಳಗೆ ಇರುವ ಸೋಡಿಯಂ ತಣ್ಣಗಿದ್ದಾಗ ಲೋಹ, ಗೋಡೆಗೆ ಅಂಟಿಕೊಂಡು ಬಿದ್ದಿರುತ್ತದೆ ಎಂದು ಅವನು ವಿವರಿಸಿದ. ಜೊತೆಯಲ್ಲಿರುವ ಚೂರು ನಿಯಾನ್ ಅನಿಲ ಮೊದಲು ಹತ್ತಿಕೊಂಡು ಕೆಂಪಗೆ ಉರಿಯುತ್ತದೆ. ಆ ಬಿಸಿಗೆ ಸೋಡಿಯಂ ನಿಧಾನವಾಗಿ ಆವಿಯಾಗಿ ಎದ್ದು ಬಂದ ಮೇಲಷ್ಟೇ ಹಳದಿ.

ಮೂವರೂ ಕೆಂಪು ಬೆಳಕಿನಲ್ಲಿ ಸುಮ್ಮನೆ ಕುಳಿತರು. ಕೆಂಪು ಮೊದಲು ಅಂಚಿನಲ್ಲಿ ಮಾಸಿತು. ನಡುವೆ ಎಲ್ಲೋ ಅರಿಸಿನದ ಎಳೆಯೊಂದು ಮೂಡಿತು. ನೋಡನೋಡುತ್ತಿದ್ದಂತೆ ಕೋಣೆಯೆಲ್ಲ ಹಳದಿಯಾಯಿತು.

ಆಗ ಅವಳು ಗಮನಿಸಿದಳು. ರಾಜಾಸಾಬನ ಎಲೆಯಡಿಕೆಯ ತುಟಿ ಕಪ್ಪಾಗಿತ್ತು. ಕಿಟಕಿಯ ಹಸಿರು ಪರದೆ ಬೂದಿಯಾಗಿತ್ತು. ಅತ್ತೆ ಆರಿಸಿ ಕೊಟ್ಟಿದ್ದ ತನ್ನ ಸೀರೆಗೆ ಯಾವ ಬಣ್ಣವಿತ್ತೋ ನೆನಪಾಗಲಿಲ್ಲ. ಈಗ ಅದಕ್ಕೆ ಬಣ್ಣವೇ ಇರಲಿಲ್ಲ. ಕೋಣೆಯಲ್ಲಿ ಇದ್ದದ್ದು ಎರಡೇ, ಹಳದಿ ಮತ್ತು ಹಳದಿಯ ಗೈರುಹಾಜರಿ.

“ಹೆಣದ ಮುಖ ಕಂಡಂಗ ಕಾಣ್ತಾವಲ್ರಿ ಎಲ್ಲಾರ ಮುಖ,” ಎಂದ ರಾಜಾಸಾಬ.

“ನನಗ ಇದ ಚಲೋ ಅನಸ್ತೈತಿ,” ಎಂದಳು ಕೊಟ್ರಬಸಮ್ಮ.

ಪಾಲಾಕ್ಷಪ್ಪ ಅವಳ ಕಡೆ ತಿರುಗಿದ. ದೀಪ ಅವನ ಬೆನ್ನಿಗಿದ್ದುದರಿಂದ ಮುಖ ಕಾಣಲಿಲ್ಲ. ಕಣ್ಣಿನಲ್ಲಿ ಮಾತ್ರ ಎರಡು ಸಣ್ಣ ಹಳದಿ ಬಿಂದು. ಅವು ಬೇಕಾದದ್ದಕ್ಕಿಂತ ತುಸು ಹೆಚ್ಚು ಹೊತ್ತು ಅವಳ ಮೇಲೆ ನಿಂತು, ತಪ್ಪು ಮಾಡಿದವರಂತೆ ದೀಪದ ಕಡೆ ಹೊರಳಿದವು.

ಚಲೋ ಅನ್ನಿಸಿದ್ದು ಏಕೆಂದು ಅವಳು ಹೇಳಲಿಲ್ಲ. ಎರಡು ವರ್ಷದಿಂದ ಅವಳಿಗೆ ಜಗತ್ತು ಕಾಣುತ್ತಿದ್ದುದು ಹೀಗೆಯೇ. ಈವತ್ತು ಮೊದಲ ಸಲ ಉಳಿದವರಿಗೂ ಹಾಗೆ ಕಂಡಿತ್ತು.

*

ಅವಳ ಗಂಡ ಕರಿಸಿದ್ದಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಮದುವೆಯಾಗಿ ವರ್ಷ ತುಂಬುವ ಮೊದಲೇ ಕಾಮಾಲೆಯಾಗಿ ತೀರಿಕೊಂಡಿದ್ದ.

ಹೆಂಗಸರು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೈಯಿಡಿಸಿ ಬಳೆ ಒಡೆದರು. ಅವಳು ನೋಡುತ್ತಿದ್ದಳು. ಚೂರುಗಳು ಬಾಗಿದ್ದವು, ಉಗುರು ಕತ್ತರಿಸಿ ಹಾಕಿದ ಹಾಗೆ. ಒಂದು ಚೂರು ಕಲ್ಲಿನಿಂದ ಜಾರಿ ತುಳಸಿಕಟ್ಟೆಯ ಬುಡಕ್ಕೆ ಬಿತ್ತು. ಅವಳಿಗೆ ಅಳು ಬರಲಿಲ್ಲ. ಮರುದಿನವೂ ಬರಲಿಲ್ಲ. ಹನ್ನೊಂದನೇ ದಿನಕ್ಕೆ ಬಂದ ನೆಂಟರು ಇದನ್ನೇ ಮಾತಾಡಿಕೊಂಡು ಹೋದರು.

ಅತ್ತೆ ನಾಗಲಿಂಗಮ್ಮ ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ತವರೂರು ಇಟ್ಟಿಗಿಯಿಂದ ಅಪ್ಪ ಬಂದು ಕರೆದಾಗ ಕೊಟ್ರಬಸಮ್ಮ ಹೋಗಲೂ ಇಲ್ಲ, ಒಲ್ಲೆನೆಂದೂ ಅನ್ನಲಿಲ್ಲ. ಹಾಗೇ ಕೊಟ್ಟೂರಿನಲ್ಲಿ ಉಳಿದಳು. ಅತ್ತೆ ಸೊಸೆ ಒಂದೇ ತಾಟಿನಷ್ಟು ಅಡುಗೆ ಮಾಡಿ, ಇಬ್ಬರೂ ಅರ್ಧರ್ಧ ಬಿಡುತ್ತಿದ್ದರು. ಕೊನೆಗೆ ಅತ್ತೆಯೇ, ಓದಿದಾಕಿ ಮನೆಯಲ್ಲಿ ಕುಳಿತು ನನ್ನ ಮುಖ ನೋಡುವುದು ಬೇಡ ಎಂದು ಕಾಲೇಜಿನವರಿಗೆ ಹೇಳಿಸಿ ಕೆಲಸಕ್ಕೆ ಕಳಿಸಿದಳು.

ಆದರೆ ಒಮ್ಮೆ, ಪಕ್ಕದ ಮನೆಯವಳ ಜೊತೆ ಕಟ್ಟೆಯ ಮೇಲೆ ಕುಳಿತು ಆಡಿದ ಮಾತು ಒಳಗಿದ್ದ ಅವಳಿಗೆ ಕೇಳಿತ್ತು. “ನನ್ನ ಮಗನ ಪಾಲಿಗೆ ಈಕಿ ಕಣ್ಣಾಗ ಒಂದು ಹನಿ ಇದ್ದಿಲ್ಲವ್ವ.” ಸಿಟ್ಟಿನಿಂದ ಹೇಳಿದ್ದಲ್ಲ. ಬಾವಿಯಲ್ಲಿ ನೀರಿಲ್ಲ ಎಂದು ಹೇಳುವ ಹಾಗೆ ಹೇಳಿದ್ದಳು.

ಸರಿಯೇ ಇದೆ ಎಂದುಕೊಂಡು ಕೊಟ್ರಬಸಮ್ಮ ಅಕ್ಕಿ ಆರಿಸುವುದನ್ನು ಮುಂದುವರಿಸಿದ್ದಳು.

*

ಮಳೆಗಾಲ ಕಳೆದು ಚಳಿಗಾಲ ಬಂತು. ಲ್ಯಾಬಿನ ಕತ್ತಲೆ ಕೋಣೆಯ ಕೆಲಸ ಅವಳಿಗೆ ಕೈಗೆ ಹತ್ತಿತು. ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರ್ ಹೊಂದಿಸುವುದರಲ್ಲಿ ಅವಳಷ್ಟು ಚೊಕ್ಕ ಬೇರೆ ಯಾರಿಲ್ಲ ಎಂದು ಪಾಲಾಕ್ಷಪ್ಪ ಹುಡುಗರೆದುರು ಹೇಳುತ್ತಿದ್ದ. ಹುಡುಗರು ಕೆಮ್ಮುತ್ತಿದ್ದರು. ಅವನ ಕಿವಿ ಕೆಂಪಾಗುತ್ತಿತ್ತೋ ಏನೋ. ಆ ದೀಪದಲ್ಲಿ ಅದು ಕಪ್ಪಾದಂತೆ ಕಾಣುತ್ತಿತ್ತು ಅಷ್ಟೆ.

ಸಂಜೆ ರಾಜಾಸಾಬ ಪೇಪರಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರುತ್ತಿದ್ದ. ಒಮ್ಮೆ ಪಾಲಾಕ್ಷಪ್ಪ ಒಂದನ್ನು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಕೊಡದಿಂದ ನೇರವಾಗಿ ನೀರು ಕುಡಿದ. ಅವಳು ಆಗಲೇ ಅಂಥ ಎರಡು ತಿಂದು ಮುಗಿಸಿದ್ದಳು.

“ಖಾರ ಇರ್ಲಿಲ್ವಾ ನಿಮ್ಮವು?”

“ಗೊತ್ತಾಗ್ಲಿಲ್ರಿ.”

ಅವನು ನಗುವುದಕ್ಕೆ ಹೊರಟವನು ನಿಲ್ಲಿಸಿದ. ಆಮೇಲೆ ಬಹಳ ಹೊತ್ತು ಪೇಪರಿನಲ್ಲಿ ಉಳಿದಿದ್ದ ಬಜ್ಜಿಗಳನ್ನೇ ನೋಡುತ್ತ ಕುಳಿತಿದ್ದ.

ಅವನು ಅವಳಿಗೆ ಉಪ್ಪಿನ ಜ್ವಾಲೆಯ ನೆರಳು ತೋರಿಸಿದ್ದು ಆ ವಾರವೇ. ಸ್ಪಿರಿಟ್ ದೀಪದ ಬತ್ತಿಗೆ ಉಪ್ಪು ಸವರಿ ಹಚ್ಚಿದ. ಉರಿ ಹಳದಿಯಾಗಿ ಎದ್ದಿತು. ಅದನ್ನು ಸೋಡಿಯಂ ದೀಪದ ಮುಂದೆ ಹಿಡಿದು ಹಿಂದೆ ಬಿಳಿ ಹಾಳೆ ಇಟ್ಟ. ಹಾಳೆಯ ಮೇಲೆ ಉರಿಯ ನೆರಳು ಬಿತ್ತು, ಹೊಗೆಯ ಹಾಗೆ ನಡುಗುವ ಕಪ್ಪು ನೆರಳು. ದೀಪಕ್ಕೂ ನೆರಳಿರುತ್ತದೆಂದು ಅವಳು ಓದಿದ್ದಳು, ಕಂಡಿರಲಿಲ್ಲ.

ಕಾರಣ ಅವಳಿಗೂ ಗೊತ್ತಿತ್ತು. ಪರಮಾಣುವಿನೊಳಗೆ ಎಲೆಕ್ಟ್ರಾನಿಗೆ ನಿಲ್ಲಲು ಕೆಲವೇ ಮೆಟ್ಟಿಲು, ನಡುವೆ ಕಾಲಿಡಲು ಜಾಗವಿಲ್ಲ. ಒಂದು ಮೆಟ್ಟಿಲು ಏರಲು ಎಷ್ಟು ಬೇಕೋ ಸರಿಯಾಗಿ ಅಷ್ಟೇ ಇರುವ ಬೆಳಕು ಬಂದರೆ ತೆಗೆದುಕೊಳ್ಳುತ್ತದೆ, ಬೇರೆ ಬೆಳಕನ್ನು ಹಾಗೇ ಹೋಗಲು ಬಿಡುತ್ತದೆ. ಮೇಲೆ ಹೋದದ್ದು ಅಲ್ಲಿ ಉಳಿಯಲಾರದು. ಇಳಿಯುವಾಗ ತೆಗೆದುಕೊಂಡ ಬೆಳಕನ್ನೇ ವಾಪಸು ಕೊಡುತ್ತದೆ. ಹೀಗಾಗಿ ಯಾವ ಪರಮಾಣು ಯಾವ ಬಣ್ಣ ಕೊಡಬಲ್ಲದೋ ಅದೇ ಬಣ್ಣವನ್ನು ನುಂಗಬಲ್ಲದು. ಹಳದಿ ದೀಪದ ಬೆಳಕನ್ನು ಹಳದಿ ಉರಿ ತಡೆಯುತ್ತದೆ.

“ಬರೇ ಓದಿದ್ರ ನಂಬಿಕಿ ಬರೂದಿಲ್ಲ,” ಎಂದು ಅವಳು ಹಾಳೆಯ ಮೇಲಿನ ನೆರಳಿಗೆ ಬೆರಳಿಟ್ಟಳು. ಅವಳ ಬೆರಳಿನ ನೆರಳೂ ಅದರೊಳಗೆ ಸೇರಿಹೋಯಿತು.

*

ಸಂಕ್ರಾಂತಿ ಕಳೆದ ಮೇಲೆ ಒಂದು ಸಂಜೆ ಹುಡುಗರೆಲ್ಲ ಹೋದ ನಂತರ ಪಾಲಾಕ್ಷಪ್ಪ ದೀಪ ಆರಿಸಿದ, ಕಿಟಕಿ ತೆಗೆದ. ಹಗಲು ಒಳಗೆ ಬಂತು. ಹೇಳಬೇಕಾದದ್ದನ್ನು ಹಗಲಿನಲ್ಲೇ ಹೇಳುತ್ತೇನೆ ಎಂದು ಶುರು ಮಾಡಿದ.

ಅವನ ತಾತ್ಕಾಲಿಕ ಕೆಲಸ ಮುಗಿಯುತ್ತ ಬಂದಿತ್ತು. ಮಾರ್ಚಿನಲ್ಲಿ ದಾವಣಗೆರೆಯ ಕಾಲೇಜೊಂದಕ್ಕೆ ಸೇರಬೇಕು. ಹೋಗುವ ಮೊದಲು, ಅವಳು ಒಪ್ಪುವುದಾದರೆ, ಮನೆಗೆ ಬಂದು ನಾಗಲಿಂಗಮ್ಮನವರ ಹತ್ತಿರ ಮಾತಾಡುತ್ತಾನೆ. ತನ್ನ ತಾಯಿಗೆ ಆಗಲೇ ಹೇಳಿದ್ದಾನೆ.

“ನಮ್ಮಲ್ಲಿ ಉಡಿಕಿ ಇದ್ದೇ ಐತೆ. ಗಂಡ ಹೋದಾಕಿಗೆ ಸೀರೆ ಉಡಿಸಿ ಮನೆ ತುಂಬಿಸ್ಕೋತಾರೆ, ನಾಲ್ಕು ಜನ ಉಣ್ತಾರೆ. ಓಲಗ ಗೀಲಗ ಇಲ್ಲ. ನಂಗೆ ಓಲಗ ಬೇಕಾಗೂ ಇಲ್ಲ.” ಇಷ್ಟು ಹೇಳುವಷ್ಟರಲ್ಲಿ ಅವನು ಸ್ಪೆಕ್ಟ್ರೋಮೀಟರಿನ ತಿರುಪೊಂದನ್ನು ಪೂರ್ತಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ.

ಕೊಟ್ರಬಸಮ್ಮ ಆ ತಿರುಪನ್ನು ಅವನ ಕೈಯಿಂದ ತೆಗೆದುಕೊಂಡು ಮತ್ತೆ ಅದರ ಜಾಗದಲ್ಲಿ ಕೂರಿಸಿದಳು. ತನ್ನೊಳಗೆ ಹುಡುಕಿದಳು. ಸಂತೋಷ, ಗಾಬರಿ, ನಾಚಿಕೆ ಯಾವುದಾದರೂ ಒಂದು ಸಿಗಬಹುದೆಂದು ಪ್ರಾಮಾಣಿಕವಾಗಿಯೇ ಹುಡುಕಿದಳು. ಮುಚ್ಚಿದ ಶಾಲೆಯೊಳಗೆ ಕಾಲಿಟ್ಟ ಹಾಗಿತ್ತು.

“ನನ್ನೊಳಗ ಏನೂ ಇಲ್ರಿ ಸರ್. ಇದ್ದಿದ್ರ ಕೊಡ್ತಿದ್ದೆ. ನಿಮಗ ಸುಳ್ಳು ಹೇಳಾಕ ಮನಸ್ಸಿಲ್ಲ.”

ಅವನು ಸ್ಪೆಕ್ಟ್ರೋಮೀಟರಿನ ಮೂತಿಯನ್ನು ಕಿಟಕಿಯಾಚೆಯ ಆಕಾಶಕ್ಕೆ ತಿರುಗಿಸಿ, ನೋಡ್ರಿ ಎಂದ. ಅವಳು ಕಣ್ಣಿಟ್ಟಳು. ಕೆಂಪಿನಿಂದ ನೇರಳೆಯವರೆಗೆ ಹಾಸಿದ ಹಗಲು. ಹಳದಿಯ ನಡುವೆ ಕೂದಲೆಳೆಯಂಥ ಕಪ್ಪು ಗೆರೆ.

“ಏನ್ ಕಾಣ್ತೈತೆ?”

“ಡಿ ಗೆರಿ. ಸೂರ್ಯನೊಳಗಿನ ಸೋಡಿಯಂದು.”

“ಅಲ್ಲಿ ಬೆಳಕಿಲ್ಲ ಅಂತೀರಾ?”

ಅವಳು ಯೋಚಿಸಿ ಹೇಳಿದಳು. “ಕಡಿಮಿ ಐತಿ.”

“ಹೂಂ. ಅಲ್ಲಿರೋ ಸೋಡಿಯಂ ಬೆಳಕು ನುಂಗಿ ಕುಂತಿಲ್ಲ. ತಗೊಂಡಿದ್ದನ್ನ ಕೊಡ್ತಾನೇ ಐತೆ, ಎಲ್ಲಾ ದಿಕ್ಕಿಗೂ. ನಮ್ಮ ಕಡೆ ಬರೋದು ಚೂರು. ಹಿಂದಿನ ಬೆಳಕು ವಿಪರೀತ. ಅದರೆದುರು ಕಪ್ಪು ಕಾಣ್ತೈತೆ, ಅಷ್ಟೆ.”

ಅವಳು ತಲೆಯೆತ್ತಿದಳು. “ಹೋಲಿಕಿ ಬ್ಯಾಡ್ರಿ ಸರ್. ಅದು ಸೋಡಿಯಂ. ನಾನು ಮನಷ್ಯಾಳು.”

ಅವನಿಗೆ ನಗು ಬಂತು. ಸೋತವನ ನಗು, ಆದರೂ ಬೆಚ್ಚಗಿತ್ತು. ಶಿವರಾತ್ರಿ ಕಳೆದ ಅಮಾವಾಸ್ಯೆಗೆ ಸೂರ್ಯಗ್ರಹಣವಿದೆ ಎಂದ. ಕೊಟ್ಟೂರಿನಲ್ಲಿ ಪೂರ್ತಿ ಹಿಡಿಯುವುದಿಲ್ಲ, ಅಂಚಿನಲ್ಲಿ ಎಳೆ ಉಳಿಯುತ್ತದೆ. ಹಡಗಲಿಯ ಆಚೆ ಹೊಳೆಯ ದಂಡೆಗೆ ಹೋದರೆ ಪೂರ್ತಿ. ಸೂರ್ಯನ ಬಿಂಬ ಮುಚ್ಚಿದ ಕ್ಷಣ ಈ ಕಪ್ಪು ಗೆರೆಗಳ ಜಾಗದಲ್ಲೇ ಬೆಳಕಿನ ಗೆರೆಗಳು ಕಾಣುತ್ತವೆ, ಚಿಟಿಕೆ ಹೊಡೆಯುವಷ್ಟು ಹೊತ್ತು. ಧಾರವಾಡದಲ್ಲಿ ಎಂ.ಎಸ್ಸಿ. ಓದುವಾಗ ಅವನ ಪ್ರೊಫೆಸರು ಇದನ್ನು ಬೋರ್ಡಿನ ಮೇಲೆ ಬರೆದು, ನಾನಂತೂ ಕಂಡಿಲ್ಲ ಎಂದಿದ್ದರಂತೆ. ಆವತ್ತಿನಿಂದ ಅವನು ಈ ಅಮಾವಾಸ್ಯೆಗೆ ಕಾದಿದ್ದ.

“ಬಂದು ನೋಡ್ರಿ. ಆಮೇಲೂ ಇಲ್ಲ ಅಂದ್ರೆ ನಾನು ಮತ್ತೆ ಕೇಳಲ್ಲ. ದಾವಣಗೆರೆಗೆ ಹೋಗಿಬಿಡ್ತೀನಿ.”

ಆಗಲಿ ಎಂದಳು. ಗ್ರಹಣಕ್ಕೆ ಮಾತ್ರ.

*

ಅಮಾವಾಸ್ಯೆಯ ಬೆಳಿಗ್ಗೆ ನಾಗಲಿಂಗಮ್ಮ ನೀರಿನ ಕೊಡಕ್ಕೆ, ಉಪ್ಪಿನಕಾಯಿ ಜಾಡಿಗೆ, ಮೊಸರಿನ ಗಡಿಗೆಗೆ ಗರಿಕೆ ಹಾಕುತ್ತ ಓಡಾಡುತ್ತಿದ್ದಳು. ಲಿಂಗ ಕಟ್ಟಿದವರಿಗೆ ಗ್ರಹಣದ ಸೂತಕವಿಲ್ಲ ಎಂದು ಸ್ವಾಮಿಗಳು ಹೇಳಿದ್ದನ್ನು ಸೊಸೆಗೆ ಹೇಳುತ್ತಲೇ ಹಾಲಿನ ಪಾತ್ರೆಗೂ ಒಂದು ಎಳೆ ಹಾಕಿದಳು. ಊರೆಲ್ಲ ಮಧ್ಯಾಹ್ನಕ್ಕೇ ಬಾಗಿಲು ಹಾಕಿಕೊಳ್ಳುವುದಿತ್ತು.

ಹಡಗಲಿಗೆ ಹೋಗಿ ಬರುತ್ತೇನೆ, ರಾಜಾಸಾಬನೂ ಇರುತ್ತಾನೆ, ಕಾಲೇಜಿನ ಕೆಲಸ ಎಂದು ಕೊಟ್ರಬಸಮ್ಮ ಹೇಳಿದಳು. ನಾಗಲಿಂಗಮ್ಮ ಗರಿಕೆಯ ಕಟ್ಟನ್ನು ಕೆಳಗಿಟ್ಟು ಅವಳನ್ನು ನೋಡಿದಳು.

“ನಿನಗ ಹಿಡದದ್ದ ಇನ್ನಾ ಬಿಟ್ಟಿಲ್ಲ. ಹೊಸಾದೇನ್ ಹಿಡೀತೈತಿ. ಹೋಗು.”

ಬಸ್ಸಿನಲ್ಲಿ ಅವರು ಮೂವರು, ಡ್ರೈವರ್, ಕಂಡಕ್ಟರ್ ಅಷ್ಟೇ ಇದ್ದರು. ಬರುತ್ತೇವೆಂದ ಹುಡುಗರಲ್ಲಿ ಒಬ್ಬನನ್ನೂ ಮನೆಯವರು ಬಿಟ್ಟಿರಲಿಲ್ಲ. ಕಂಡಕ್ಟರನು, ಬಸ್ಸು ಹಡಗಲಿಯಲ್ಲೇ ನಿಲ್ಲುತ್ತದೆ, ಗ್ರಹಣ ಬಿಟ್ಟ ಮೇಲೆ ಹೊರಡುತ್ತದೆ ಎಂದು ಹೇಳಿ ಹಿಂದಿನ ಸೀಟಿನಲ್ಲಿ ಟವೆಲ್ ಹೊದ್ದು ಮಲಗಿದ. ಇಟ್ಟಿಗಿ ದಾಟುವಾಗ ತವರಿನ ದಾರಿ ಕಂಡಿತು. ಕೊಟ್ರಬಸಮ್ಮ ನೋಡಿದಳು, ದಾರಿ ಹಿಂದೆ ಸರಿಯಿತು.

ಪಾಲಾಕ್ಷಪ್ಪನ ತೊಡೆಯ ಮೇಲೆ ಒಂದು ಸಣ್ಣ ಡಬ್ಬಿಯಿತ್ತು. ಅದರೊಳಗೆ ಹತ್ತಿಯಲ್ಲಿ ಸುತ್ತಿದ ಗ್ರೇಟಿಂಗ್. ಕಣ್ಣಿಗೆ ಕಾಣದಷ್ಟು ಒತ್ತೊತ್ತಾಗಿ ಗೆರೆ ಎಳೆದ ಗಾಜಿನ ಬಿಲ್ಲೆ. ಕಣ್ಣ ಮುಂದೆ ಹಿಡಿದರೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ತೋರಿಸುತ್ತದೆ. ಕಾಲೇಜಿನಲ್ಲಿ ಇದ್ದದ್ದು ಅದೊಂದೇ. ಒಡೆದರೆ ನಿನ್ನನ್ನು ಹೊಳೆಗೇ ಹಾಕುತ್ತೇನೆ ಎಂದು ಪ್ರಿನ್ಸಿಪಾಲರು ಹೇಳಿ ಕಳಿಸಿದ್ದರು.

ಹಡಗಲಿಯಿಂದ ಗಾಡಿ ದಾರಿಯಲ್ಲಿ ನಡೆದು ಹೊಳೆಯ ದಂಡೆ ಸೇರುವ ಹೊತ್ತಿಗೆ ಸೂರ್ಯನ ಒಂದು ಬದಿ ಕಚ್ಚಿದ ರೊಟ್ಟಿಯಂತಾಗಿತ್ತು. ತೊಳೆದ ಎಕ್ಸ್‌ರೇ ಫಿಲ್ಮಿನ ಕಪ್ಪು ತುಂಡುಗಳಲ್ಲಿ ಸರದಿಯಂತೆ ನೋಡಿದರು. ತಮ್ಮಲ್ಲಿಯೂ ಗ್ರಹಣಕ್ಕೆ ನಮಾಜ್ ಇದೆ, ಅತ್ತ ಹೋಗಿ ಮಾಡುತ್ತೇನೆ ಎಂದು ರಾಜಾಸಾಬ ಟವೆಲ್ ಎತ್ತಿಕೊಂಡ. ಹೊರಡುವಾಗ, “ನಾ ಆ ಕಡಿ ಮುಖಾ ಮಾಡಿ ಇರ್ತೀನಿ. ಈ ಕಡಿ ನೋಡಂಗಿಲ್ಲ,” ಎಂದು ಯಾರೂ ಕೇಳದಿದ್ದರೂ ಹೇಳಿ ಹೋದ.

ಬಿಸಿಲು ಬಿಸಿಲಾಗಿ ಉಳಿಯಲಿಲ್ಲ. ಮರಳಿನ ಮೇಲೆ ಅವರ ನೆರಳಿನ ಅಂಚು ಚಾಕುವಿನಿಂದ ಕೊಯ್ದಂತೆ ಚೂಪಾಯಿತು. ಆಚೆ ದಂಡೆಯ ಜೋಳದ ಹೊಲ ಬೂದಿ ಬಣ್ಣಕ್ಕೆ ತಿರುಗಿತು. ಬೆಳ್ಳಕ್ಕಿಗಳ ಸಾಲೊಂದು ಗೂಡಿಗೆ ಹೊರಟಿತು. ಗಾಳಿ ತಣ್ಣಗಾಯಿತು. ಕೊಟ್ರಬಸಮ್ಮ ಒಂದೊಂದನ್ನೂ ಗಮನಿಸಿದಳು. ಭಯವಾಗಲಿಲ್ಲ, ಬೆರಗೂ ಆಗಲಿಲ್ಲ. ಸೋಡಿಯಂ ದೀಪದ ಕೋಣೆ ಇಷ್ಟು ದೊಡ್ಡದಾಯಿತು ಎಂದಷ್ಟೇ ಅನ್ನಿಸಿತು.

ಪಾಲಾಕ್ಷಪ್ಪ ಡಬ್ಬಿ ಬಿಚ್ಚಿ ಗ್ರೇಟಿಂಗನ್ನು ಅವಳ ಕೈಗೆ ಕೊಟ್ಟ.

“ನೀವು?”

“ನಾನು ಬರೀ ಕಣ್ಣಾಗೆ ನೋಡ್ತೀನಿ.”

“ಇದಕ್ಕ ಅಲ್ಲ ನೀವು ಕಾದಿದ್ದು ಇಷ್ಟು ವರ್ಷ?”

“ಹಿಡೀರಿ, ಹೊತ್ತಾತು,” ಎಂದ ಅವನು. ನಗುತ್ತಿದ್ದ. ಆದರೆ ಡಬ್ಬಿಯ ಮುಚ್ಚಳವನ್ನು ಹಾಕುವುದು ತೆಗೆಯುವುದು ಮಾಡುತ್ತಿದ್ದ.

ಸೂರ್ಯ ಉಗುರಿನ ತುದಿಯಷ್ಟಾದಾಗ ಅವನು “ಈಗ” ಎಂದ. ಅವಳು ಗಾಜನ್ನು ಕಣ್ಣಿಗೆ ಹಿಡಿದಳು. ಮೊದಲು ಎಲ್ಲ ಬಣ್ಣಗಳ ಅಗಲವಾದ ಪಟ್ಟಿ. ಅದು ಸಣ್ಣಗಾಗುತ್ತ, ಮಸುಕಾಗುತ್ತ, ದೀಪ ಊದಿದ ಹಾಗೆ ಹೋಯಿತು.

ಹೋದ ಜಾಗದಲ್ಲಿ ಅವು ಕಂಡವು.

ಕೆಂಪು. ಹಳದಿ. ತುಸು ದೂರದಲ್ಲಿ ನೀಲಿ, ಅದರಾಚೆ ನೇರಳೆ. ಪುಸ್ತಕದಲ್ಲಿ ಗೆರೆಯೆಂದು ಬರೆದಿತ್ತು. ಆದರೆ ಉಳಿದಿದ್ದ ಸೂರ್ಯನ ಅಂಚು ಬಾಗಿತ್ತಲ್ಲ, ಇವೂ ಬಾಗಿದ್ದವು. ಕತ್ತಲೆಯ ಮೇಲೆ ಬಣ್ಣ ಬಣ್ಣದ ಬಳೆಯ ಚೂರುಗಳು, ಒಂದರ ಪಕ್ಕ ಒಂದು, ಒಳಗಿನಿಂದಲೇ ಉರಿಯುತ್ತ.

ಕಲ್ಲಿನ ಮೇಲೆ ಬಿದ್ದಿದ್ದವೂ ಕೆಂಪು ಬಳೆಗಳು. ಅವಳಿಗೆ ಈಗ ಅದು ಕಂಡಿತು. ಎರಡು ವರ್ಷದಿಂದ ಆ ಚೂರುಗಳ ಆಕಾರವಷ್ಟೇ ನೆನಪಿತ್ತು, ಬಣ್ಣವಿರಲಿಲ್ಲ. ಕೆಂಪು, ಮೇಲೆ ಹಳದಿಯ ಚುಕ್ಕಿ. ಕೂಡ್ಲಿಗಿಯ ಸಂತೆಯಿಂದ ಕರಿಸಿದ್ದಪ್ಪ ತಂದಿದ್ದು. ಪೇಪರ್ ಬಿಚ್ಚುತ್ತ ಅವನು ಹೇಳಿದ್ದ, ಬಳಿ ಸದ್ದಾದ್ರ ನೀ ಮನ್ಯಾಗ ಎಲ್ಲಿದ್ದೀ ಅಂತ ನನಗ ಗೊತ್ತಾಗತೈತಿ. ಆ ಧ್ವನಿ ಕೊಂಚ ಒಡಕು. ಶಾಲೆಯಲ್ಲಿ ಕೂಗಿ ಕೂಗಿ ಆಗಿದ್ದ ಒಡಕು. ಅದು ಈ ಹೊಳೆಯ ದಂಡೆಯಲ್ಲಿ, ಅವಳ ಕಿವಿಯ ಹತ್ತಿರ, ಹಾಗೇ ಇತ್ತು.

ಚೂರುಗಳು ಮಾಯವಾದವು. ಅವಳು ಗಾಜನ್ನು ಕೆಳಗಿಳಿಸಿದಳು.

ಆಕಾಶದಲ್ಲಿ ಕಪ್ಪು ಬಿಲ್ಲೆ, ಸುತ್ತ ಬಿಳಿಯ ಕೂದಲು ಹರಡಿದಂಥ ಬೆಳಕು. ಆ ಬೆಳಕಿನಲ್ಲಿ ಪಾಲಾಕ್ಷಪ್ಪ ಬಾಯಿ ತೆರೆದು ಮೇಲೆ ನೋಡುತ್ತ ನಿಂತಿದ್ದ. ಬರಿಗಣ್ಣು. ಬರಿಗೈ.

“ಗ್ರಹಣ ಬಿಡೂ ಮುಂದ ಆ ಬೆಳಕು ಇನ್ನೊಮ್ಮಿ ಬರತೈತಿ ಅಲ್ರಿ?” ಎಂದು ಕೇಳಿದಳು.

“ಬರ್ತೈತೆ. ಈ ಕತ್ತಲೆ ಎರಡು ನಿಮಿಷಾನೂ ಇರಲ್ಲ. ಕಂಡ್ವಾ ನಿಮಗೆ?”

“ತಗೋರಿ.” ಅವಳು ಗಾಜು ಚಾಚಿದಳು.

“ಬ್ಯಾಡ, ನೀವೇ ನೋಡ್ರಿ.”

“ತಗೋರಿ ಅಂದೆ. ಇಷ್ಟು ದಿನ ಬರೇ ತಗೊಂಡ ಕುಂತೀನಿ. ಒಂದಾರ ಕೊಡಾಕ ಬಿಡ್ರಿ.”

ಅವನು ಅವಳನ್ನು ನೋಡಿದ. ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಅವನ ಕೈ ತಣ್ಣಗಿತ್ತು. ತಣ್ಣಗಿದೆ ಎಂದು ಅವಳಿಗೆ ಗೊತ್ತಾಯಿತು.

ಅವನು ಗಾಜನ್ನು ಕಣ್ಣಿಗೆ ಹಿಡಿದು ನಿಂತ. ಅವಳು ಸೂರ್ಯನನ್ನು ನೋಡಲಿಲ್ಲ, ಅವನನ್ನು ನೋಡಿದಳು.

“ಬಂತು,” ಎಂದ ಅವನು, ಪಿಸುಮಾತಿನಲ್ಲಿ. “ಬಂತು ಕಣ್ರಿ.”

ಮರುಕ್ಷಣ ಕಪ್ಪು ಬಿಲ್ಲೆಯ ಅಂಚಿನಿಂದ ಬೆಳಕಿನ ಹನಿಯೊಂದು ಒಡೆದು ಹೊಳೆಯ ಮೇಲೆ ಬಿತ್ತು. ಮರಳು, ನೀರು, ಜೋಳ, ಒಂದೊಂದಾಗಿ ತಮ್ಮ ಬಣ್ಣ ಹಾಕಿಕೊಂಡವು. ಅವನ ಭುಜದ ಮೇಲೂ ಬಣ್ಣ ಏರಿತು.

“ನಿಮ್ಮ ಅಂಗಿ ನೀಲಿ ಐತ್ರಿ,” ಎಂದಳು ಕೊಟ್ರಬಸಮ್ಮ.

ಅವನು ಗಾಜನ್ನು ಇಳಿಸಿ ತನ್ನ ಅಂಗಿ ನೋಡಿಕೊಂಡ, ಅವಳನ್ನು ನೋಡಿದ. “ಜೂನಿನಿಂದ ಇದನ್ನೇ ಹಾಕ್ತಿದೀನಿ. ಕುರಿ ನಡುವೆ ಕುಂತಾಗ್ಲೂ ಇದೇ.”

“ನನಗ ಕಂಡಿದ್ದಿಲ್ಲ.”

ಅವನು ಗಾಜನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟ. ಅವಳೇ ಹೇಳಿದಳು. “ಅತ್ತಿ ಕೂಡ ನಾ ಮಾತಾಡತೀನಿ. ಹೇಳಿ ಕಳಿಸಿದಾಗ ಬರ್ರಿ. ಅದಕ್ಕ ಮೊದಲ ಆ ಮನ್ಯಾಗ ನಂದೊಂದು ಕೆಲಸ ಬಾಕಿ ಐತಿ.”

*

ಮನೆ ಮುಟ್ಟಿದಾಗ ನಾಗಲಿಂಗಮ್ಮ ತಲೆಗೆ ಸ್ನಾನ ಮಾಡಿ, ಒಲೆ ಸಾರಿಸಿ, ಹೊಸದಾಗಿ ಉರಿ ಹಚ್ಚಿ ಎಸರಿಟ್ಟಿದ್ದಳು. ಏನು ಕಂಡಿ ಎಂದು ಒಲೆಯ ಕಡೆ ತಿರುಗಿಕೊಂಡೇ ಕೇಳಿದಳು.

“ಬಳಿ ಕಂಡ್ವು ಅತ್ತಿ. ಕೆಂಪನ್ನವು. ಹಳದಿ ಚುಕ್ಕಿಯವು.”

ನಾಗಲಿಂಗಮ್ಮನ ಕೈಯಲ್ಲಿದ್ದ ಸೌಟು ನಿಂತಿತು.

ಕೊಟ್ರಬಸಮ್ಮ ಇನ್ನೂ ಏನೋ ಹೇಳಲು ಹೋದಳು. ಸದ್ದಾದರೆ ಗೊತ್ತಾಗುತ್ತದೆ ಅಂದಿದ್ದ ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು ಮಾತಲ್ಲ. ಅದು ತನ್ನದೇ ಸದ್ದೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗೋಡೆ ಹಿಡಿದು ಕುಳಿತಳು.

ಅತ್ತೆ ಅವಳನ್ನು ತಬ್ಬಿಕೊಳ್ಳಲಿಲ್ಲ. ಕಾಲಿಗೆ ತಾಗುತ್ತಿದ್ದ ಕೊಡವನ್ನು ಪಕ್ಕಕ್ಕೆ ಸರಿಸಿ, ಎದುರಿಗೆ ಕುಳಿತಳು.

“ಅಳು. ನಾ ಒಬ್ಬಾಕೀನ ಅತ್ತು ಅತ್ತು ದಣದೀನಿ.”

ಇಬ್ಬರೂ ಅಲ್ಲೇ ಕುಳಿತಿದ್ದರು. ಎಸರು ಕುದಿದು ಮುಚ್ಚಳ ಕುಣಿಯತೊಡಗಿದಾಗ ನಾಗಲಿಂಗಮ್ಮ ಎದ್ದಳು. ಅಕ್ಕಿ ತೊಳೆಯುತ್ತ ಕೇಳಿದಳು. “ಆ ದೀಪದ ಮೇಷ್ಟ್ರು ದಾವಣಗೆರಿಗೆ ಹೊಕ್ಕಾರಂತಲ್ಲ.”

“ನಿಮಗ ಯಾರು ಹೇಳಿದ್ರು?”

“ರಾಜಾಸಾಬ ಸಂತ್ಯಾಗ ಸಿಕ್ಕಾಗ ಎಂದಾರ ಬಾಯಿ ಮುಚಗೊಂಡು ಹೋಗ್ಯಾನೇನು?” ಅಕ್ಕಿಯನ್ನು ಎಸರಿಗೆ ಸುರಿದಳು. ಬೆನ್ನು ತಿರುಗಿಸಿಕೊಂಡೇ ಮುಂದಿನ ಮಾತು ಆಡಿದಳು. “ಹೋಗೂಕಿಂತ ಮೊದಲ ನಮ್ಮನ್ಯಾಗ ಉಂಡು ಹೋಗ್ಲಿ ಅಂತ ಹೇಳು. ಆ ಅಂವನ ತಾಯೀನೂ ಬರ್ಲಿ. ಸೀರಿ ಬಣ್ಣ ಯಾವುದಂತ ಹೆಂಗಸರ ನೋಡಬೇಕು.”

ಕೊಟ್ರಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಹತ್ತಿರ ಬಂದಳು. ಉಪ್ಪಿನ ಗಡಿಗೆಗೆ ಕೈ ಹಾಕಿ ಎಸರಿಗೆ ಉಪ್ಪು ಹಾಕುವಾಗ ನಾಲ್ಕು ಹರಳು ಜಾರಿ ಒಲೆಗೆ ಬಿದ್ದವು.

ಉರಿ ಚಟಪಟ ಎಂದು ಎದ್ದು ಹಳದಿಯಾಯಿತು. ಹಿಂದೆ ಬೇರೆ ದೀಪವಿರಲಿಲ್ಲ. ಆ ಉರಿಗೆ ಈಗ ನೆರಳಿರಲಿಲ್ಲ. ಅತ್ತೆಯ ಒದ್ದೆ ಕೂದಲ ಮೇಲೆ, ಸುಣ್ಣದ ಗೋಡೆಯ ಮೇಲೆ, ತನ್ನ ಬರಿಗೈಯ ಮೇಲೆ ಅದರ ಬೆಳಕು ಬಿದ್ದಿತ್ತು.